ಬಿದ್ದ ಮರ ಮಣ್ಣು ಸೇರುವ ದಾರಿ: ಚಿತ್ರದುರ್ಗ, ದಾವಣಗೆರೆಯ ಒಣನೆಲಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಹೊಳಲ್ಕೆರೆ, ಹೊಸದುರ್ಗ, ಜಗಳೂರು ಕಡೆಯ ಹೊಲದಲ್ಲಿ ಒಂದು ಮರ ಗಾಳಿಗೆ ಉರುಳಿದರೆ ಕೆಲವೇ ದಿನಗಳಲ್ಲಿ ಅದರ ಗುರುತೂ ಉಳಿಯುವುದಿಲ್ಲ. ದಿಮ್ಮಿ ಸಾಮಿಲ್ಲಿಗೆ ಹೋಗುತ್ತದೆ, ಕೊಂಬೆಗಳು ಸೌದೆಯಾಗುತ್ತವೆ, ಮಿಕ್ಕ ಪುಳ್ಳೆ, ತೊಗಟೆ, ಸೊಪ್ಪನ್ನು ಬದುವಿನ ಮೇಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಹೊಲ ಹಸನಾಯಿತೆಂಬ ಸಮಾಧಾನ ಎಲ್ಲರಿಗೂ. ಮರ ಮಾರುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಬೆಂಕಿಯ ಬಗ್ಗೆ. ಹಣ ಇರುವುದು ದಿಮ್ಮಿಯಲ್ಲಿ, ಮಣ್ಣಿನ ಆಹಾರ ಇರುವುದು ನಾವು ಸುಡುವ ಭಾಗದಲ್ಲಿ. ಮರದ ಯಾವ ಭಾಗವನ್ನು ಎಲ್ಲಿ ಇಡಬೇಕು, ಎಷ್ಟು ಬಿಡಬೇಕು, ಯಾವುದನ್ನು ತೋಟದಲ್ಲಿ ಇಡಲೇಬಾರದು ಎಂಬುದನ್ನು ತಿಳಿದು ಮಾಡಿದರೆ ಮಾರಾಟವೂ ಆಗುತ್ತದೆ, ಮಣ್ಣಿಗೂ ಸಲ್ಲುತ್ತದೆ.

ಈ ಮಾರ್ಗದರ್ಶಿ ಸ್ವಂತ ಹೊಲ, ತೋಟ, ನೆಡುತೋಪು ಇರುವವರಿಗಾಗಿ. ಗ್ರಾಮ ಅರಣ್ಯ ಸಮಿತಿಯಲ್ಲಿ ಕೆಲಸ ಮಾಡುವವರಿಗೂ ಕೊನೆಯ ಭಾಗಗಳಲ್ಲಿ ಒಂದಿಷ್ಟು ವಿಷಯವಿದೆ.

ಮೊದಲು ತಿಳಿಯಬೇಕಾದದ್ದು: ಕೊಳೆಯುವ ಮರದೊಳಗೆ ಏನು ನಡೆಯುತ್ತದೆ

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಶೇ 40ರಿಂದ 45ರಷ್ಟು ಸೆಲ್ಯುಲೋಸ್ ಎಂಬ ನಾರು, ಶೇ 20ರಿಂದ 30ರಷ್ಟು ಆ ನಾರನ್ನು ಬಿಗಿಹಿಡಿಯುವ ಗಟ್ಟಿ ಅಂಟಾದ ಲಿಗ್ನಿನ್, ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೆಮಿಸೆಲ್ಯುಲೋಸ್. ಸೆಲ್ಯುಲೋಸನ್ನು ಬಹಳಷ್ಟು ಸೂಕ್ಷ್ಮಜೀವಿಗಳು ತಿನ್ನಬಲ್ಲವು. ಲಿಗ್ನಿನ್ ಹಾಗಲ್ಲ. ಅದನ್ನು ಪೂರ್ತಿಯಾಗಿ ಒಡೆಯುವ ಶಕ್ತಿ ಮುಖ್ಯವಾಗಿ ಬಿಳಿಕೊಳೆ ಉಂಟುಮಾಡುವ ಅಣಬೆಗಳಿಗೆ ಇದೆ. ಮಳೆಗಾಲದಲ್ಲಿ ಹಳೆಯ ಕೊರಡಿನ ಮೇಲೆ ಬೀಸಣಿಗೆಯ ಆಕಾರದಲ್ಲಿ ಏಳುವ ಗಟ್ಟಿ ಅಣಬೆಗಳಲ್ಲಿ ಹೆಚ್ಚಿನವು ಈ ಗುಂಪಿನವು. ಅವು ಕೆಲಸ ಮಾಡಿದ ಮರ ಬಿಳುಪಾಗಿ, ನಾರುನಾರಾಗಿ, ಹಿಂಡಿದರೆ ನೀರು ಬರುವಂತಾಗುತ್ತದೆ. ಇನ್ನೊಂದು ಬಗೆಯ ಅಣಬೆ ಸೆಲ್ಯುಲೋಸನ್ನು ಮಾತ್ರ ತಿಂದು ಲಿಗ್ನಿನ್ನನ್ನು ಬಿಡುತ್ತದೆ. ಆಗ ಮರ ಕಂದು ಬಣ್ಣದ ಚೌಕ ಚೌಕ ಚೂರುಗಳಾಗಿ ಬಿರಿಯುತ್ತದೆ. ಆ ಕಂದು ಪುಡಿ ಬೇಗ ಕರಗುವುದಿಲ್ಲ, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ.

ಈಗ ಪೋಷಕಾಂಶದ ವಿಷಯ. ಇಲ್ಲಿ ಒಂದು ಸಂಗತಿಯನ್ನು ಸರಿಯಾಗಿ ಹಿಡಿದುಕೊಂಡರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಸೂಕ್ಷ್ಮಜೀವಿಗಳ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಎಂಟು–ಹತ್ತು ಪಾಲು ಇಂಗಾಲ ಇರುತ್ತದೆ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪಿನಲ್ಲಿ ಈ ಅನುಪಾತ 15ರ ಆಸುಪಾಸು. ದಪ್ಪ ಮರದಲ್ಲಿ 200ರಿಂದ 500ರವರೆಗೆ ಹೋಗುತ್ತದೆ. ತಿನ್ನುವ ವಸ್ತುವಿನಲ್ಲಿ ಅನುಪಾತ 25–30 ದಾಟಿದರೆ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲುವುದಿಲ್ಲ, ಕೊರತೆಯನ್ನು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಹಸಿ ಗರಗಸದ ಹೊಟ್ಟನ್ನು ಗುಂಡಿಗೆ ತುಂಬಿ ಸಸಿ ನೆಟ್ಟವರ ಗಿಡಗಳು ಹಳದಿಯಾಗಿ ನಿಂತುಬಿಡುವುದಕ್ಕೆ ಇದೇ ಕಾರಣ.

ಅಂದರೆ ಹೊಸದಾಗಿ ಬಿದ್ದ ದಿಮ್ಮಿ ಮೊದಲ ವರ್ಷಗಳಲ್ಲಿ ಮಣ್ಣಿಗೆ ಸಾರಜನಕ ಕೊಡುವುದಿಲ್ಲ, ಬದಲಿಗೆ ತೆಗೆದುಕೊಳ್ಳುತ್ತದೆ. ಅಣಬೆಯ ಎಳೆಗಳು ಮಣ್ಣಿನಿಂದ ಸಾರಜನಕ, ರಂಜಕಗಳನ್ನು ದಿಮ್ಮಿಯೊಳಕ್ಕೆ ಸಾಗಿಸುತ್ತವೆ. ಮರ ಹಳತಾದಂತೆ ಇಂಗಾಲ ಕರಗಿ ಹೋಗಿ ಸಾರಜನಕದ ಪ್ರಮಾಣ ಏರುತ್ತದೆ. ಮರ ಪುಡಿಯಾಗುವ ಹಂತಕ್ಕೆ ಬಂದಾಗ ಕೂಡಿಟ್ಟದ್ದು ಮಣ್ಣಿಗೆ ಮರಳುತ್ತದೆ. ಪೊಟ್ಯಾಷ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅದು ಮರದ ನಾರಿಗೆ ಅಂಟಿಕೊಂಡಿರುವುದಿಲ್ಲ, ಆದ್ದರಿಂದ ಮೊದಲ ಮಳೆಗಳಲ್ಲೇ ತೊಳೆದು ಮಣ್ಣಿಗಿಳಿಯುತ್ತದೆ. ಕ್ಯಾಲ್ಸಿಯಂ ಕೊನೆಯವರೆಗೂ ತೊಗಟೆಯಲ್ಲಿ ಉಳಿದು ನಿಧಾನವಾಗಿ ಬಿಡುಗಡೆಯಾಗುತ್ತದೆ.

ಮರದ ಭಾಗಗಳ ನಡುವಿನ ಅಂತರ ನೋಡಿ. 100 ಕೆಜಿ ಒಣ ಬೇವಿನ ಇಲ್ಲವೇ ಹೊಂಗೆ ಸೊಪ್ಪಿನಲ್ಲಿ ಸುಮಾರು ಎರಡು ಕೆಜಿಗೂ ಮಿಕ್ಕಿ ಸಾರಜನಕವಿದ್ದರೆ, 100 ಕೆಜಿ ದಪ್ಪ ಮರದಲ್ಲಿ ಇರುವುದು ಸಾಮಾನ್ಯವಾಗಿ 100ರಿಂದ 250 ಗ್ರಾಂ. ಸೊಪ್ಪು, ತೊಗಟೆ, ಹೆಬ್ಬೆರಳಿಗಿಂತ ಸಣ್ಣ ರೆಂಬೆ, ಇವೇ ಮರದ ಸತ್ವದ ಭಾಗ. ಇವನ್ನು ಸುಟ್ಟರೆ ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣ, ಒಂದಿಷ್ಟು ರಂಜಕ ಉಳಿದರೂ ಗಾಳಿ, ಮಳೆ ಅವನ್ನು ಒಂದೇ ಜಾಗದಿಂದ ಹೊತ್ತೊಯ್ಯುತ್ತವೆ. ಚಳ್ಳಕೆರೆ, ಹಿರಿಯೂರಿನ ಎರೆ ಭೂಮಿಯಂತೂ ಮೊದಲೇ ಕ್ಷಾರ ಗುಣದ್ದು, ಅಂಥ ಮಣ್ಣಿಗೆ ಬೂದಿ ಸುರಿಯುವುದರಿಂದ ಸತುವಿನ ಕೊರತೆ ಹೆಚ್ಚಬಹುದು.

ಹೆಜ್ಜೆ 1: ನೆಲ ಯಾರದು, ಎಂಥದು ಎಂದು ನೋಡಿಕೊಳ್ಳಿ

ಕೆಲಸವೆಲ್ಲ ನಿಮ್ಮ ಸ್ವಂತ ಜಮೀನಿನ ಮರದಲ್ಲೇ ಆಗಬೇಕು. ಮೀಸಲು ಅರಣ್ಯದಿಂದ ದಿಮ್ಮಿ, ತರಗು ಹೊತ್ತು ತಂದು ಹೊಲಕ್ಕೆ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ತಪ್ಪು. ಅದಕ್ಕಿಂತ ಮುಖ್ಯವಾಗಿ, ಅದು ಕಾಡಿನ ಫಲವತ್ತತೆಯನ್ನು ಕಿತ್ತು ಹೊಲಕ್ಕೆ ಹಾಕಿದಂತೆ, ಲೆಕ್ಕದಲ್ಲಿ ಒಟ್ಟಾರೆ ಏನೂ ಹೆಚ್ಚುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಮತ್ತು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಧಾಮ, ಇವೆರಡೂ ವನ್ಯಜೀವಿಧಾಮಗಳು. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲೇ ಆದೇಶಿಸಿದೆ. ಬಿದ್ದ ಮರವೂ ಕಾಡಿನ ಭಾಗವೇ ಎಂಬ ಮಾತಿಗೆ ಕಾನೂನಿನ ಬಲ ಸಿಕ್ಕಿದ್ದು ಆಗ. ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಜಾತಿ ನೋಡಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗಬಹುದು, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಅಮೃತ ಮಹಲ್ ಕಾವಲಿನಂಥ ಹುಲ್ಲುಗಾವಲಿಗೆ ಈ ಕ್ರಮ ಬೇಡವೇ ಬೇಡ. ಹುಲ್ಲುಗಾವಲಿನ ಇಂಗಾಲ ನೆಲದೊಳಗೆ, ಬೇರಿನಲ್ಲಿ ಇರುತ್ತದೆ. ಅಲ್ಲಿ ದಿಮ್ಮಿ ಎಳೆದು ಹಾಕುವುದು, ಗುಂಡಿ ತೋಡಿ ಮರ ನೆಡುವುದು ಇರುವುದನ್ನೂ ಕಳೆಯುವ ಕೆಲಸ.

ಹೆಜ್ಜೆ 2: ಎಷ್ಟು ಮರ ಬಿದ್ದಿದೆ, ಎಷ್ಟು ಇಂಗಾಲ ಇದೆ ಎಂದು ಅಳೆಯಿರಿ

ಅರಣ್ಯ ಅಧ್ಯಯನದಲ್ಲಿ ಬಳಸುವ ಒಂದು ಸರಳ ವಿಧಾನ ನೆಡುತೋಪಿಗೂ ಚೆನ್ನಾಗಿ ಹೊಂದುತ್ತದೆ. ತೋಪಿನಲ್ಲಿ 100 ಮೀಟರ್ ಉದ್ದದ ಹಗ್ಗವನ್ನು ನೇರವಾಗಿ ಎಳೆಯಿರಿ. ಹಗ್ಗ ದಾಟಿಹೋಗುವ ಪ್ರತಿ ಬಿದ್ದ ತುಂಡಿನ ದಪ್ಪವನ್ನು, ಹಗ್ಗ ದಾಟಿದ ಜಾಗದಲ್ಲೇ, ಸೆಂಟಿಮೀಟರಿನಲ್ಲಿ ಅಳೆಯಿರಿ. 10 ಸೆಂಟಿಮೀಟರಿಗಿಂತ ಸಣ್ಣದನ್ನು ಬಿಡಿ. ಪ್ರತಿ ಅಳತೆಯನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ, ಹಗ್ಗದ ಉದ್ದದಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡಿ. ಅದೇ ಒಂದು ಎಕರೆಯಲ್ಲಿ ಬಿದ್ದಿರುವ ಮರದ ಗಾತ್ರ, ಘನ ಮೀಟರಿನಲ್ಲಿ.

ಉದಾಹರಣೆಗೆ ಹಗ್ಗ ನಾಲ್ಕು ತುಂಡುಗಳನ್ನು ದಾಟಿತು, ದಪ್ಪ 12, 15, 10, 20 ಸೆಂಟಿಮೀಟರ್ ಎಂದುಕೊಳ್ಳಿ. ವರ್ಗಗಳ ಮೊತ್ತ 144+225+100+400=869. ನೂರರಿಂದ ಭಾಗಿಸಿದರೆ 8.69, ಅರ್ಧ ಮಾಡಿದರೆ ಸುಮಾರು 4.3 ಘನ ಮೀಟರ್. ಒಂದೇ ಗೆರೆಯನ್ನು ನಂಬಬೇಡಿ. ಬೇರೆ ಬೇರೆ ದಿಕ್ಕಿಗೆ ಮೂರ್ನಾಲ್ಕು ಗೆರೆ ಎಳೆದು ಸರಾಸರಿ ತೆಗೆಯಿರಿ.

ಮುಂದೆ ಪ್ರತಿ ತುಂಡಿನ ಸ್ಥಿತಿ ನೋಡಬೇಕು. ಒಂದು ಚಾಕುವಿನಿಂದ ಚುಚ್ಚಿದರೆ ಸಾಕು. ಚಾಕು ಒಳಗೆ ಹೋಗದಿದ್ದರೆ ಗಟ್ಟಿ ಮರ, ಘನ ಮೀಟರಿಗೆ ಸುಮಾರು 0.6 ಟನ್ ಒಣತೂಕ ಹಿಡಿಯಬಹುದು. ಒಂದೆರಡು ಅಂಗುಲ ಹೋದರೆ ಅರೆಕೊಳೆತದ್ದು, 0.4. ಪೂರ್ತಿ ಹೋಗಿ ಮರ ಕೈಯಲ್ಲಿ ಮುರಿದರೆ 0.2. ಕಮರ, ದಿಂಡಿಗ, ಕಗ್ಗಲಿಯಂಥ ಗಟ್ಟಿ ಜಾತಿಗಳು ಇದಕ್ಕಿಂತ ಭಾರ, ಇದು ಅಂದಾಜಿಗಷ್ಟೇ. ಮೇಲಿನ ಉದಾಹರಣೆಯಲ್ಲಿ ಸರಾಸರಿ 0.4 ಹಿಡಿದರೆ ಎಕರೆಗೆ 1.7 ಟನ್ ಒಣ ಮರ, ಅದರಲ್ಲಿ ಇಂಗಾಲ 0.85 ಟನ್.

ಈ ಸಂಖ್ಯೆಯನ್ನು ಮಣ್ಣಿನ ಪಕ್ಕದಲ್ಲಿಟ್ಟು ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 850 ಟನ್. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಶೇ 0.4 ಇದ್ದರೆ ಅದು 3.4 ಟನ್. ಶೇ 0.5ಕ್ಕೆ ಏರಿಸಲು ಇನ್ನೂ 0.85 ಟನ್ ಬೇಕು. ಅಂದರೆ ಬಿದ್ದ ಮರದ ಇಂಗಾಲವೆಲ್ಲ ಮಣ್ಣಿನಲ್ಲೇ ನಿಂತರೂ ಏರುವುದು 0.1ರಷ್ಟು ಮಾತ್ರ. ಎಲ್ಲವೂ ನಿಲ್ಲುವುದಿಲ್ಲ. ಬಹುಪಾಲು ಅಣಬೆ, ಗೆದ್ದಲುಗಳ ಉಸಿರಿನಲ್ಲಿ ಗಾಳಿಗೆ ಹೋಗುತ್ತದೆ. 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ ಪ್ರಪಂಚದ ಸತ್ತ ಮರಗಳಿಂದ ವರ್ಷಕ್ಕೆ ಸುಮಾರು 1,090 ಕೋಟಿ ಟನ್ ಇಂಗಾಲ ಬಿಡುಗಡೆಯಾಗುತ್ತದೆ. ಒಂದಷ್ಟು ಮಣ್ಣಿಗೆ, ಉಳಿದದ್ದು ಗಾಳಿಗೆ.

ಹಾಗಾದರೆ ಶ್ರಮ ಯಾಕೆ ಎಂದು ಕೇಳಬಹುದು. ಕಾರಣಗಳಿವೆ. ಮಣ್ಣಿನಲ್ಲಿ ಈಗಾಗಲೇ ಇರುವ 3.4 ಟನ್ ಇಂಗಾಲ ಇಳಿಜಾರಿನ ಮಳೆನೀರಿನ ಜೊತೆ ಹಳ್ಳ ಸೇರದಂತೆ ದಿಮ್ಮಿ ತಡೆಯುತ್ತದೆ. ದಿಮ್ಮಿಯ ಕೆಳಗೆ ಹದ ಉಳಿಯುತ್ತದೆ, ಆ ಹದದಲ್ಲಿ ಬೆಳೆಯುವ ಬೇರುಗಳೇ ಮಣ್ಣಿಗೆ ಬಾಳಿಕೆಯ ಇಂಗಾಲ ಕೊಡುವುದು. ವರ್ಷಕ್ಕೆ 500–650 ಮಿಲಿಮೀಟರ್ ಮಳೆಯ ಊರುಗಳಲ್ಲಿ ಹದಕ್ಕಿಂತ ದೊಡ್ಡ ಆಸ್ತಿ ಇಲ್ಲ. ದಿಮ್ಮಿ ಹಾಕಿದರೆ ಇಂಗಾಲದ ಶೇಕಡಾ ಮೇಲೇರಿಬಿಡುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ಲೆಕ್ಕ ಹಾಕಿ ತೋರಿಸಲು ಹೇಳಿ.

ಹೆಜ್ಜೆ 3: ಕಡಿದ ದಿನವೇ ವಿಂಗಡಿಸಿ

ಮರ ಕಡಿಯುವವರು, ಕೊಳ್ಳುವವರು ಅಲ್ಲಿರುವಾಗಲೇ ಈ ಕೆಲಸ ಆಗಬೇಕು. ಮರುದಿನಕ್ಕೆ ಬಿಟ್ಟರೆ ಎಲ್ಲ ಒಂದೇ ಗುಡ್ಡೆಯಾಗುತ್ತದೆ. ಸೊಪ್ಪು ಒಂದು ಕಡೆ. ಹೆಬ್ಬೆರಳು ಗಾತ್ರದವರೆಗಿನ ಪುಳ್ಳೆ ಇನ್ನೊಂದು ಕಡೆ. ಮಣಿಕಟ್ಟಿನಿಂದ ತೊಡೆಯ ಗಾತ್ರದ ಕೊಂಬೆ ಮೂರನೆಯದು, ಮನೆಯ ಸೌದೆಗೆ ಬೇಕಾದಷ್ಟು ಇದರಿಂದ ತೆಗೆಯಿರಿ. ಮಾರುವ ದಿಮ್ಮಿಯ ತೊಗಟೆಯನ್ನು ಜಮೀನಿನಲ್ಲೇ ಸುಲಿದು ಉಳಿಸಿಕೊಳ್ಳಿ, ವ್ಯಾಪಾರಿಗೆ ತೊಗಟೆಯಿಂದ ಲಾಭವಿಲ್ಲ, ನಿಮ್ಮ ಮಣ್ಣಿಗೆ ಇದೆ. ಟೊಳ್ಳು ಬಿದ್ದ, ಡೊಂಕಾದ, ಬೆಲೆ ಬಾರದ ದಿಮ್ಮಿಗಳನ್ನು ಮಾರಲು ಹೆಣಗಬೇಡಿ, ಮಣ್ಣಿಗೆ ಬಿಡಬೇಕಾದವು ಅವೇ.

ಬೊಡ್ಡೆಯನ್ನು ಜೆಸಿಬಿ ತರಿಸಿ ಕೀಳಿಸುವ ರೂಢಿ ಹೆಚ್ಚುತ್ತಿದೆ. ಅದು ಒಂದು ಗುಂಡಿಯನ್ನಷ್ಟೇ ಅಲ್ಲ, ಕೆಳಗಿನ ಸತ್ವವಿಲ್ಲದ ಮಣ್ಣನ್ನೂ ಮೇಲಕ್ಕೆ ತರುತ್ತದೆ. ಬೇರು ಇದ್ದಲ್ಲೇ ಕೊಳೆತರೆ ಆಳದವರೆಗೆ ಇಂಗಾಲ ಇಳಿಯುತ್ತದೆ, ಕೊಳೆತ ಬೇರಿನ ಕೊಳವೆಗಳಲ್ಲಿ ನೀರು ಇಂಗುತ್ತದೆ. ಉಳುಮೆಗೆ ಅಡ್ಡಿಯಾಗದ ಬೊಡ್ಡೆಗಳನ್ನು ಹಾಗೇ ಬಿಡಿ.

ಹೆಜ್ಜೆ 4: ಯಾವುದನ್ನು ಎಲ್ಲಿ, ಹೇಗೆ ಇಡಬೇಕು

ಕಾಲ ಮೊದಲು. ನಮ್ಮಲ್ಲಿ ದೊಡ್ಡ ಮಳೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ತಿಂಗಳೊಳಗೆ ದಿಮ್ಮಿಗಳನ್ನು ಕೂರಿಸಿದರೆ ಮುಂಗಾರಿನ ಸಣ್ಣ ಮಳೆಗಳಲ್ಲಿ ಅವು ನೆಲಕ್ಕೆ ಒಗ್ಗಿಕೊಂಡು, ದೊಡ್ಡ ಮಳೆಯ ಹೊತ್ತಿಗೆ ಕೆಲಸ ಶುರುಮಾಡುತ್ತವೆ.

ದಿಮ್ಮಿಯನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಇಡಬೇಕು. ಕಣ್ಣಂದಾಜು ಮೋಸ ಮಾಡುತ್ತದೆ. ಗಾರೆ ಕೆಲಸದವರ ಹತ್ತಿರ ಇರುವ, ನೀರು ತುಂಬಿದ ಟ್ಯೂಬ್ ಲೆವೆಲ್ ತಂದು ಎರಡು ತುದಿಯ ಮಟ್ಟ ನೋಡಿ ಗೆರೆ ಹಾಕಿ. ಒಂದು ತುದಿ ತಗ್ಗಿದ್ದರೆ ನೀರು ಅಲ್ಲಿ ಸೇರಿ ನುಗ್ಗಿ ಕೊರಕಲು ಮಾಡುತ್ತದೆ, ಇಡದಿದ್ದರೇ ವಾಸಿ ಎನ್ನುವಂತಾಗುತ್ತದೆ.

ಗೆರೆಯುದ್ದಕ್ಕೂ ದಿಮ್ಮಿಯ ಮೂರನೇ ಒಂದು ಭಾಗ ಮುಳುಗುವಷ್ಟು ಆಳಕ್ಕೆ ಮಣ್ಣು ಕೆದಕಿ. ಇದು ಈ ಮಾರ್ಗದರ್ಶಿಯ ಅತಿ ಮುಖ್ಯ ಸಾಲು: ಮಣ್ಣು ಮುಟ್ಟದ ದಿಮ್ಮಿ ಒಣನೆಲದಲ್ಲಿ ಕೊಳೆಯುವುದಿಲ್ಲ. ಕಲ್ಲಿನ ಮೇಲೆ, ಮತ್ತೊಂದು ದಿಮ್ಮಿಯ ಮೇಲೆ ಎತ್ತಿ ಇಟ್ಟದ್ದು ಬಿಸಿಲಿಗೆ ಒಣಗಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಆಮೇಲೆ ಬೇಸಿಗೆಯ ಬೆಂಕಿಗೆ ಸಿಗುತ್ತದೆ. ಕೂರಿಸಿದ ಮೇಲೆ ಕೆಳಬದಿಯಲ್ಲಿ ಎರಡು ಗೂಟ ಹೊಡೆದು ಉರುಳದಂತೆ ಮಾಡಿ. ಕೆದಕಿದ ಮಣ್ಣನ್ನು ಮೇಲ್ಬದಿಗೆ ಒತ್ತಿ.

ಈಗ ಮೇಲ್ಬದಿಯಲ್ಲಿ ಪುಳ್ಳೆಗಳನ್ನು ಮುರಿದು ಚಪ್ಪಟೆಯಾಗಿ ಹರಡಿ, ಕಾಲಿನಿಂದ ತುಳಿಯಿರಿ. ಅದರ ಮೇಲೆ ಸೊಪ್ಪು, ಅದರ ಮೇಲೆ ತೊಗಟೆ. ಮಳೆನೀರು ಹೊತ್ತು ತರುವ ಹೂಳು, ಒಣಗಿದ ಎಲೆ, ಕುರಿ ಹಿಕ್ಕೆ ಎಲ್ಲ ಇಲ್ಲಿ ತಂಗುತ್ತವೆ. ಸಾರಜನಕದ ಹಸಿವಿರುವ ದಿಮ್ಮಿಗೆ ಪಕ್ಕದಲ್ಲೇ ಸಾರಜನಕವಿರುವ ಸೊಪ್ಪು ಸಿಕ್ಕರೆ ಅದು ಸುತ್ತಲಿನ ಬೆಳೆಯ ಪಾಲಿಗೆ ಕೈ ಹಾಕುವುದು ಕಡಿಮೆ. ಎರಡು ಸಾಲುಗಳ ನಡುವೆ ಇಳಿಜಾರು ಹೆಚ್ಚಿದ್ದರೆ 20 ಅಡಿ, ಕಡಿಮೆಯಿದ್ದರೆ 30–40 ಅಡಿ ಅಂತರ ಬಿಡಿ. ಈಗಾಗಲೇ ಕಂದಕ ಬದು ಮಾಡಿಸಿದ್ದರೆ ಬೇರೆ ಸಾಲು ಬೇಡ, ಕಂದಕದ ತಳದಲ್ಲೇ ಅಡ್ಡ ದಿಮ್ಮಿಗಳನ್ನು ಮಲಗಿಸಿ.

ಉಳುವ ಹೊಲದೊಳಗೆ ಮರದ ಚೂರನ್ನು, ಗರಗಸದ ಹೊಟ್ಟನ್ನು ಉತ್ತು ಬೆರೆಸಬೇಡಿ. ಮೇಲೆ ಹೊದಿಸಿದರೆ ಸಾರಜನಕದ ಎಳೆತ ಮೇಲಿನ ತೆಳು ಪದರಕ್ಕಷ್ಟೇ ಸೀಮಿತ, ಬೆರೆಸಿದರೆ ಬೇರಿನ ವಲಯಕ್ಕೇ ಬರುತ್ತದೆ. ಬೆರೆಸಲೇಬೇಕಾದ ಸಂದರ್ಭವಿದ್ದರೆ ಮೊದಲು ಕಾಂಪೋಸ್ಟ್ ಗುಂಡಿಗೆ ಹಾಕಿ, 100 ಕೆಜಿ ಒಣ ಹೊಟ್ಟಿಗೆ ಸುಮಾರು ಒಂದು ಕೆಜಿ ಸಾರಜನಕ ಸೇರುವಂತೆ ಸಗಣಿ ಬಗ್ಗಡ, ಹಸಿರು ಸೊಪ್ಪು ಕೊಡಿ. ಯೂರಿಯಾ ಆದರೆ ಎರಡು ಕೆಜಿಗೆ ಸ್ವಲ್ಪ ಹೆಚ್ಚು. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆಗೂ ಇದೇ ಕ್ರಮ ಸಲ್ಲುತ್ತದೆ. ರಸ್ತೆ ಬದಿಯಲ್ಲಿ ರಾಶಿ ಸುರಿದು ಸುಡುತ್ತಿರುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಟ್ರೈಕೋಡರ್ಮ ಎಂಬ ಶಿಲೀಂಧ್ರವನ್ನು ಸಿಂಪಡಿಸಿದರೆ ದಿಮ್ಮಿ ಬೇಗ ಕೊಳೆಯುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಅದಕ್ಕೆ ಸೆಲ್ಯುಲೋಸ್ ಮೇಲೆ ಇರುವ ಹಿಡಿತ ಲಿಗ್ನಿನ್ ಮೇಲೆ ಇಲ್ಲ. ಸೊಪ್ಪು, ಪುಳ್ಳೆಯ ಕಾಂಪೋಸ್ಟಿಗೆ ಬಳಸಿ, ದಿಮ್ಮಿಗೆ ದುಡ್ಡು ಸುರಿಯಬೇಡಿ.

ಹೆಜ್ಜೆ 5: ತೆಂಗು, ಅಡಿಕೆಯ ಕಾಂಡವನ್ನು ದೂರವಿಡಿ

ಮೇಲೆ ಹೇಳಿದ್ದೆಲ್ಲ ಬೇವು, ಹೊಂಗೆ, ಹುಣಸೆ, ಜಾಲಿ, ದಿಂಡಿಗಗಳಿಗೆ. ತೆಂಗಿನ ವಿಷಯದಲ್ಲಿ ಹಾಗೇ ಮಾಡಿದರೆ ತೋಟಕ್ಕೆ ಅಪಾಯ. ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಟ್ಟು ಮರಿ ಬೆಳೆಸುವುದು ಕೊಳೆಯುತ್ತಿರುವ ತೆಂಗಿನ ಕಾಂಡದಲ್ಲಿ ಮತ್ತು ತಿಪ್ಪೆಯಲ್ಲಿ. ಹಿರಿಯೂರು, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಸತ್ತ ಮರವನ್ನು ಹಾಗೇ ನಿಲ್ಲಿಸುವುದು, ಕಡಿದ ಕಾಂಡವನ್ನು ಬುಡದಲ್ಲಿ ಮಲಗಿಸುವುದು ದುಂಬಿಗೆ ಮನೆ ಕಟ್ಟಿಕೊಟ್ಟಂತೆ. ಕಾಂಡವನ್ನು ಸೀಳಿ ಒಣಗಿಸಿ ತೋಟದಿಂದ ಸಾಗಿಸಿ. ತಿಪ್ಪೆಗೆ ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಬೆರೆಸಿದರೆ ಅಲ್ಲಿರುವ ಮರಿಹುಳುಗಳಿಗೆ ರೋಗ ಬಂದು ಸಾಯುತ್ತವೆ.

ಅಡಿಕೆ, ತೆಂಗು ಎರಡಕ್ಕೂ ಇನ್ನೊಂದು ಶತ್ರು ಅಣಬೆ ರೋಗ. ಇದನ್ನು ತರುವ ಗ್ಯಾನೋಡರ್ಮ ಮರ ಕೊಳೆಯಿಸುವ ಅಣಬೆಗಳ ಬಂಧುವೇ, ಸತ್ತ ಬೊಡ್ಡೆಯಲ್ಲಿ ಬದುಕಿ ಬೇರಿನ ಮೂಲಕ ಪಕ್ಕದ ಮರಕ್ಕೆ ದಾಟುತ್ತದೆ. ಕೆಳಗಿನ ಗರಿಗಳು ಹಳದಿಯಾಗಿ ಜೋತು, ಬುಡದಲ್ಲಿ ಕಂದು ರಸ ಒಸರಿ, ಕೊನೆಗೆ ಬುಡದಲ್ಲೇ ಅಣಬೆ ಕಾಣಿಸಿದರೆ ಬೊಡ್ಡೆ, ಬೇರು ಸಹಿತ ಕಿತ್ತು ಸುಡಬೇಕು. ಬೆಂಕಿ ಬೇಡ ಎಂದು ಇಷ್ಟು ಹೊತ್ತು ಹೇಳಿದ ನಾನು ಇಲ್ಲಿ ಮಾತ್ರ ಸುಡಿ ಎನ್ನುತ್ತೇನೆ. ರೋಗದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿದರೆ ಬೇರುಗಳ ಸಂಪರ್ಕ ತಪ್ಪುತ್ತದೆ. ಆರೋಗ್ಯವಂತ ಮರಗಳಿಗೆ ಬೇವಿನ ಹಿಂಡಿ ಕೊಡುವುದು ಸಾಮಾನ್ಯ ಶಿಫಾರಸು. ಇಂಥ ತೋಟಕ್ಕೆ ಬೇರೆ ಕಡೆಯಿಂದ ಅಣಬೆ ಹಿಡಿದ ಯಾವ ಕೊರಡನ್ನೂ ತರಬೇಡಿ.

ಹೆಜ್ಜೆ 6: ಗೆದ್ದಲನ್ನು ಕೆಲಸಕ್ಕೆ ಬಿಡಿ

ಮಲೆನಾಡಿನಲ್ಲಿ ಮರ ಕೊಳೆಸುವ ಮುಖ್ಯ ಕೆಲಸಗಾರ ಅಣಬೆಯಾದರೆ ಬಯಲುಸೀಮೆಯಲ್ಲಿ ಆ ಕೆಲಸದ ದೊಡ್ಡ ಪಾಲು ಗೆದ್ದಲಿನದು. ಆರು ಖಂಡಗಳ 130ಕ್ಕೂ ಹೆಚ್ಚು ತಾಣಗಳಲ್ಲಿ ಒಂದೇ ಬಗೆಯ ಮರದ ತುಂಡುಗಳನ್ನು ಇಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಉಷ್ಣತೆ 10 ಡಿಗ್ರಿ ಹೆಚ್ಚಾದಲ್ಲಿ ಸೂಕ್ಷ್ಮಜೀವಿಗಳ ಕೊಳೆಸುವ ವೇಗ ಸುಮಾರು ಎರಡು ಪಟ್ಟಾದರೆ, ಗೆದ್ದಲು ಮರ ಹುಡುಕಿ ತಿನ್ನುವ ವೇಗ 6.8 ಪಟ್ಟಿಗೂ ಹೆಚ್ಚಾಗುತ್ತದೆ ಎಂಬುದು ಅದರ ಫಲಿತಾಂಶ. ಅಣಬೆ ಕೆಲಸ ಮಾಡಲು ಮರ ತೇವವಾಗಿರಬೇಕು. ಗೆದ್ದಲಿಗೆ ಹಾಗಿಲ್ಲ, ಅದು ತೇವವನ್ನು ಮಣ್ಣಿನೊಳಗಿಂದ ತಾನೇ ತರುತ್ತದೆ.

ನಮ್ಮ ಹೊಲಗಳಲ್ಲಿ ಎತ್ತರದ ಹುತ್ತ ಕಟ್ಟುವ ಗೆದ್ದಲು ಮರವನ್ನು ನೇರವಾಗಿ ಅರಗಿಸಿಕೊಳ್ಳುವುದಿಲ್ಲ. ಅಗಿದ ಮರವನ್ನು ಹುತ್ತದೊಳಗೆ ಒಯ್ದು ಅದರ ಮೇಲೆ ಅಣಬೆ ಬೆಳೆಸುತ್ತದೆ, ಲಿಗ್ನಿನ್ ಒಡೆಯುವ ಕೆಲಸ ಆ ಅಣಬೆಯದು. ಮಳೆಯ ಮೇಲೆ ಹುತ್ತದ ಸುತ್ತ ಏಳುವ, ನಮ್ಮವರು ಕಿತ್ತು ಸಾರು ಮಾಡುವ ಅಣಬೆ ಇದೇ ವ್ಯವಸಾಯದ ಫಸಲು. ಇಂಗಾಲ, ಸುಣ್ಣ, ಜೇಡಿ ಎಲ್ಲ ಹುತ್ತದಲ್ಲಿ ಕೂಡುತ್ತವೆ. ಆದ್ದರಿಂದ ಸಾಲಿನಲ್ಲಿ ಇಟ್ಟ ದಿಮ್ಮಿ ಎರಡು ಮೂರು ವರ್ಷಕ್ಕೆ ಟೊಳ್ಳಾಗಿ ಮಣ್ಣು ತುಂಬಿಕೊಂಡಿದ್ದರೆ ಕೆಲಸ ಕೆಟ್ಟಿತೆಂದು ತಿಳಿಯಬೇಡಿ, ಔಷಧಿ ಸುರಿಯಲೂ ಬೇಡಿ.

ಜಾಗ್ರತೆ ಬೇಕಾದದ್ದು ಮೂರು ಕಡೆ. ಮನೆ, ಕೊಟ್ಟಿಗೆ, ಕಣದ ಮರಗಳಿಂದ ದಿಮ್ಮಿ ಸಾಕಷ್ಟು ದೂರವಿರಲಿ. ಹೊಸ ಸಸಿಯ ಬುಡಕ್ಕೆ ತಾಗಿಸಬೇಡಿ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಹೊಲದ ಅಂಚಿಗೇ ಸಾಲು ಹಾಕದೆ ತೋಪಿನ ಒಳಗೆ ಹಾಕಿ, ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಗೆದ್ದಲು ಶೇಂಗಾಕ್ಕೂ ಬರುತ್ತದೆ.

ನೀಲಗಿರಿ ಮತ್ತು ಬಳ್ಳಾರಿ ಜಾಲಿ ಇದ್ದಲ್ಲಿ

ಹಳೆಯ ನೀಲಗಿರಿ ತೋಪು ತೆಗೆಸುತ್ತಿರುವವರು ಬಹಳ. ನೀಲಗಿರಿಯ ತೊಗಟೆಯಲ್ಲಿ ಕ್ಯಾಲ್ಸಿಯಂ ಹೇರಳ, ತೊಗಟೆ ಸಮೇತ ಲಾರಿಗೆ ತುಂಬಿದರೆ ಒಂದು ಸುತ್ತಿನ ಸುಣ್ಣವೇ ಹೊರಟುಹೋದಂತೆ. ಸುಲಿದು ಹರಡಿಸಿ. ಎಲೆಯಲ್ಲಿ ಎಣ್ಣೆಯಿರುವುದರಿಂದ ಬೇಗ ಕರಗುವುದಿಲ್ಲ, ಹಸಿಯಾಗಿ ಬೆಳೆಯ ಹತ್ತಿರ ಹಾಕದೆ ಒಂದು ಮಳೆಗಾಲ ದಿಮ್ಮಿಯ ಸಾಲಿನಲ್ಲೇ ಬಿಡಿ. ಬೊಡ್ಡೆ ಚಿಗುರುತ್ತದೆ, ಚಿಗುರನ್ನು ಬಿಡದೆ ಮುರಿಯುತ್ತಾ ಬಂದರೆ ಬೇರಿನ ಶಕ್ತಿ ಕುಂದಿ ಸಾಯುತ್ತದೆ.

ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಪೊದೆಯಾಗಿ ಏಳುತ್ತದೆ. ನೆಲದೊಳಗಿನ ಬುಡದ ಗಂಟನ್ನೇ ಅಗೆದು ತೆಗೆಯಬೇಕು. ಅದರ ಮರ ಗಟ್ಟಿ, ದಿಮ್ಮಿ ಸಾಲಿಗೆ ಒಳ್ಳೆಯದು. ಆದರೆ ಕಾಯಿ ಇರುವ ರೆಂಬೆಗಳನ್ನು ಹೊಲಕ್ಕೆ ತರಬೇಡಿ, ಕುರಿ ದನ ತಿಂದು ಹಿಕ್ಕೆಯ ಮೂಲಕ ಬಿತ್ತಿಬಿಡುತ್ತವೆ. ಗೊಬ್ಬರದ ಗಿಡದ ಹಸಿ ಕೊಂಬೆಗಳನ್ನು ಒಂದೆರಡು ವಾರ ಬಿಸಿಲಿಗೆ ಒಣಗಿಸಿಯೇ ಸಾಲಿಗೆ ಹಾಕಿ, ಇಲ್ಲದಿದ್ದರೆ ಅವು ಅಲ್ಲೇ ಬೇರು ಬಿಡುತ್ತವೆ.

ಬೆಂಕಿ ಮತ್ತು ಹಾವು

ಫೆಬ್ರುವರಿಯಿಂದ ಮೇವರೆಗೆ ಬೆಂಕಿಯ ಕಾಲ. ಹೊತ್ತಿಕೊಳ್ಳುವುದು ಮೊದಲು ಒಣ ಹುಲ್ಲು, ಪುಳ್ಳೆ, ನಂತರ ದಿಮ್ಮಿ. ಪುಳ್ಳೆಗಳನ್ನು ಚಪ್ಪಟೆಯಾಗಿ ತುಳಿಸಿದ್ದು ಇದಕ್ಕೂ ಆಯಿತು. ತೋಪಿನ ಸುತ್ತ ಹತ್ತು ಹದಿನೈದು ಅಡಿ ಅಗಲಕ್ಕೆ ಹುಲ್ಲು ಕೆತ್ತಿ ಬೆಂಕಿರೇಖೆ ಮಾಡಿ, ದಿಮ್ಮಿ ಸಾಲು ಆ ರೇಖೆಯನ್ನು ಎಲ್ಲೂ ದಾಟದಿರಲಿ.

ದಿಮ್ಮಿ ಇದ್ದಲ್ಲಿ ಚೇಳು, ಮಂಡಲದ ಹಾವು ಇದ್ದೇ ಇರುತ್ತವೆ. ಬರಿಗೈ ಹಾಕಿ ಎತ್ತಬೇಡಿ, ಹಾರೆಯಿಂದ ನಿಮ್ಮ ಕಡೆಗೆ ಉರುಳಿಸಿ, ಆಗ ಕೆಳಗಿದ್ದದ್ದು ಆಚೆ ಬದಿಗೆ ಹೋಗುತ್ತದೆ. ಮಕ್ಕಳು ಓಡಾಡುವ ದಾರಿಯ ಪಕ್ಕ ಸಾಲು ಬೇಡ. ಕಚ್ಚಿದರೆ ಕಟ್ಟು, ಕೊಯ್ತ ಏನೂ ಮಾಡದೆ ನೇರ ಆಸ್ಪತ್ರೆಗೆ.

ಹೆಜ್ಜೆ 7: ತೋಪು, ಗ್ರಾಮ ಅರಣ್ಯದ ನಿರ್ವಹಣೆಯಲ್ಲಿ ಬದಲಿಸಬಹುದಾದದ್ದು

ಒಂದು ತೋಪನ್ನು ಒಮ್ಮೆಲೇ ನೆಲಸಮ ಮಾಡಿದರೆ ಬಿಸಿಲು ನೇರವಾಗಿ ಮಣ್ಣಿಗೆ ಬೀಳುತ್ತದೆ, ಮಣ್ಣಿನೊಳಗಿನ ಇಂಗಾಲವೂ ವೇಗವಾಗಿ ಉರಿದುಹೋಗುತ್ತದೆ, ಮೊದಲ ದೊಡ್ಡ ಮಳೆ ಮೇಲ್ಮಣ್ಣನ್ನು ಒಯ್ಯುತ್ತದೆ. ಪಟ್ಟಿ ಪಟ್ಟಿಯಾಗಿ, ಎರಡು ಮೂರು ವರ್ಷಕ್ಕೆ ಹಂಚಿ ಕಡಿಯಿರಿ. ಕಡಿದ ಪಟ್ಟಿಯ ಸೊಪ್ಪು, ಪುಳ್ಳೆ, ತೊಗಟೆ ಅಲ್ಲೇ ಉಳಿಯಲಿ ಎಂದು ವ್ಯಾಪಾರಿಯ ಜೊತೆಗಿನ ಒಪ್ಪಂದದಲ್ಲೇ ಬರೆಸಿ, ಬಾಯಿಮಾತಿಗೆ ಬಿಡಬೇಡಿ.

ಸಮಿತಿಗಳು ನೆಡುತೋಪು ಶುಚಿ ಮಾಡುವ ಹೆಸರಿನಲ್ಲಿ ಬಿದ್ದದ್ದನ್ನೆಲ್ಲ ಹೊರಹಾಕುವ ಪದ್ಧತಿ ಬಿಡಬೇಕು. ಸೌದೆಗೆ ಬರುವ ಹೆಣ್ಣುಮಕ್ಕಳನ್ನು ತಡೆದು ಸಾಧಿಸುವುದೇನೂ ಇಲ್ಲ, ಒಲೆ ಉರಿಯಲೇಬೇಕು. ಮಣಿಕಟ್ಟಿಗಿಂತ ಸಣ್ಣ ಒಣ ಕಟ್ಟಿಗೆಯನ್ನು ಕ್ರಮಬದ್ಧವಾಗಿ ಅವರಿಗೆ ಬಿಟ್ಟು, ದಪ್ಪ ಕೊರಡು ಮತ್ತು ತರಗನ್ನು ನೆಲಕ್ಕೆ ಬಿಡಿಸುವ ಒಪ್ಪಂದ ಸಾಧ್ಯ. ದಪ್ಪ ಕೊರಡು ಹೊರುವುದು ಅವರಿಗೂ ಕಷ್ಟವೇ. ಟೊಳ್ಳು ಬಿದ್ದು ನಿಂತ ಒಣಮರ ದಾರಿಯ ಪಕ್ಕ ಇಲ್ಲದಿದ್ದರೆ ನಿಲ್ಲಲಿ. ಮರಕುಟಿಗ ಕೊರೆದ ಪೊಟರೆಯಲ್ಲಿ ಗಿಣಿ, ಗೂಬೆ ಸಂಸಾರ ಮಾಡುತ್ತವೆ, ಗೂಬೆ ಹೊಲದ ಇಲಿ ಹಿಡಿಯುತ್ತದೆ.

ಹೆಜ್ಜೆ 8: ಮಣ್ಣು ಪರೀಕ್ಷೆ ಮಾಡಿಸಿ, ಹೋಲಿಸಿ

ದಿಮ್ಮಿ ಇಡುವ ಮೊದಲೇ ಒಂದು ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಮುಂದೆ ಹೋಲಿಸಲು ಏನೂ ಇರುವುದಿಲ್ಲ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ಮೇಲಿನ ತರಗು ಸರಿಸಿ, ಅರ್ಧ ಅಡಿ ಆಳದ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು ಬದಿಯಿಂದ ಒಂದೇ ದಪ್ಪದ ಪದರ ಕೆತ್ತಿ. ಹತ್ತು ಹದಿನೈದು ಕಡೆ ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ. ಸಾಮಾನ್ಯ ಪರೀಕ್ಷೆಯಲ್ಲಿ ಮರದ ಬುಡ, ಬದು ಬಿಡಬೇಕು ಎನ್ನುತ್ತಾರೆ. ನಮ್ಮ ಉದ್ದೇಶ ಬೇರೆ. ಆದ್ದರಿಂದ ಮೂರು ಪ್ರತ್ಯೇಕ ಮಾದರಿ ಮಾಡಿ: ದಿಮ್ಮಿಯ ಮೇಲ್ಬದಿಯ ಒಂದು ಅಡಿಯೊಳಗಿನ ಮಣ್ಣು, ಸಾಲಿನಿಂದ ಆರೆಂಟು ಅಡಿ ದೂರದ ಮಣ್ಣು, ದಿಮ್ಮಿಯೇ ಇಲ್ಲದ ಪಕ್ಕದ ಬಯಲಿನ ಮಣ್ಣು. ಮಣ್ಣಿನಲ್ಲಿ ಕಾಣುವ ಮರದ ಚೂರುಗಳನ್ನು ಆಯ್ದು ತೆಗೆಯಿರಿ, ಅವು ಸೇರಿದರೆ ಇಂಗಾಲದ ಅಂಕಿ ಸುಳ್ಳೇ ಏರುತ್ತದೆ.

ರೈತ ಸಂಪರ್ಕ ಕೇಂದ್ರದಲ್ಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂನಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು ಎಂದು ಓದಿಕೊಳ್ಳಿ. ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ಸತು, ಬೋರಾನ್, ಗಂಧಕವನ್ನೂ ಕೇಳಿ ಬರೆಸಿ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಕಾರ್ಯಕ್ರಮದ ಪರೀಕ್ಷೆಗಳಲ್ಲಿ ನಮ್ಮ ಒಣಬೇಸಾಯದ ಮಣ್ಣುಗಳಲ್ಲಿ ಈ ಮೂರರ ಕೊರತೆ ವ್ಯಾಪಕವಾಗಿ ಕಂಡಿತ್ತು.

ಪ್ರತಿ ವರ್ಷ ಪರೀಕ್ಷೆ ಮಾಡಿಸಿ ನಿರಾಶರಾಗಬೇಡಿ, ಮೂರು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ, ಅದೇ ಜಾಗದಲ್ಲಿ ಮಾಡಿಸಿ. ಮೊದಲ ಸುತ್ತಿನಲ್ಲಿ ದಿಮ್ಮಿಯ ಪಕ್ಕ ಪೊಟ್ಯಾಷ್ ಏರಿ, ಸಾರಜನಕ ಇಳಿದಿದ್ದರೆ ಅದು ನಿರೀಕ್ಷಿತವೇ, ಆ ಸಾಲಿಗೆ ಇನ್ನಷ್ಟು ಹೊಂಗೆ, ಗೊಬ್ಬರದ ಗಿಡದ ಸೊಪ್ಪು ಹಾಕಿ. ಮೇಲ್ಬದಿಯ ಮತ್ತು ಬಯಲಿನ ಮಾದರಿಗಳ ನಡುವೆ ಆರು ವರ್ಷದ ಮೇಲೂ ವ್ಯತ್ಯಾಸ ಕಾಣದಿದ್ದರೆ ಸಾಲಿನ ಮಟ್ಟ ತಪ್ಪಿ ನೀರು ನಿಲ್ಲುತ್ತಿಲ್ಲವೇ, ದಿಮ್ಮಿ ಮಣ್ಣು ಮುಟ್ಟಿದೆಯೇ ಎಂಬ ಎರಡನ್ನು ನೋಡಿ. ಟೊಳ್ಳಾಗಿ ಕುಸಿದ ದಿಮ್ಮಿಯನ್ನು ಕೆದಕಿ ತೆಗೆಯಬೇಡಿ. ಅದರ ಮೇಲ್ಬದಿಯಲ್ಲಿ ನಿಂತ ಹೂಳಿನ ಮೇಲೆ ಹೊಸ ದಿಮ್ಮಿ ಕೂರಿಸಿ, ಮಳೆ ಹಿಡಿಯುವ ಹೊತ್ತಿಗೆ ಹಳೆಯದರ ಪಕ್ಕದಲ್ಲೇ ಬೇವು, ಕಮರ ಅಥವಾ ಹುಣಸೆಯ ಬೀಜ ಊರಿ.